ಯಾವ ನೀರಲ್ಲಿ ನೆನೆಸಿದಿರಿ?

ಕಳೆದ ತಿಂಗಳು ಗೋಂದು, ಅಂಟುಗಳ ಬಗ್ಗೆ ಉತ್ತರ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಅರ್ಧದಷ್ಟು ಜೆಲ್ ಬಗ್ಗೆಯೇ ಇವೆ. ಹಾಗಾಗಿ ಈ ಸಲ ಪೂರ್ತಿ ಅದೇ. ನೀರನ್ನು ಹಿಡಿದು ಕೂತ ಪಾಲಿಮರ್ (ಉದ್ದನೆಯ ಎಳೆಯಂಥ ಅಣು) ಬಲೆಗೆ ಹೈಡ್ರೋಜೆಲ್ ಅಂತಾರೆ. ಫಾಲೂದಾದಲ್ಲಿ ಕಾಮಕಸ್ತೂರಿ ಬೀಜದ ಸುತ್ತ ಇರುತ್ತದಲ್ಲ, ಆ ಲೋಳೆಯೂ ಅದೇ ಜಾತಿ. ಠಾಣೆ-ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯ ಲ್ಯಾಬ್‌ನಲ್ಲಿ ನಾನು 26 ವರ್ಷ ಇಂಥವನ್ನೇ ತೂಗಿದವಳು. ಮಾಡಿದ್ದು ಕಡಿಮೆ, ತೂಗಿದ್ದು ಜಾಸ್ತಿ.

ಪ್ರಶ್ನೆ: ಮಗನ ಹುಟ್ಟುಹಬ್ಬಕ್ಕೆ ಜೆಲಟಿನ್ ಪುಡಿ ಹಾಕಿ ಅನಾನಸ್ ಜೆಲ್ಲಿ ಮಾಡಿದೆ. ಇಡೀ ರಾತ್ರಿ ಫ್ರಿಜ್‌ನಲ್ಲಿಟ್ಟರೂ ಪಾನಕದ ಹಾಗೇ ಇತ್ತು. ಮಾರನೇ ದಿನ ಅದೇ ಹಣ್ಣಿಗೆ ಚೈನಾಗ್ರಾಸ್ ಹಾಕಿದೆ. ಅರ್ಧ ಗಂಟೆಯಲ್ಲಿ ಗಟ್ಟಿ! ಯಾಕೆ ಹೀಗೆ?
— ಗೃಹಿಣಿ, ಭಾಂಡುಪ್

ಉತ್ತರ: ಫ್ರಿಜ್‌ಗೆ ಬೈಯಬೇಡಿ. ಇದು ಅನಾನಸ್ ಮಾಡಿದ ಕೆಲಸ. ಜೆಲಟಿನ್ ಅಂದರೆ ಪ್ರೋಟೀನ್. ಹಸಿ ಅನಾನಸ್‌ನಲ್ಲಿ ಬ್ರೊಮೆಲೈನ್ ಅನ್ನುವ ಕಿಣ್ವ ಇರುತ್ತದೆ. ಪ್ರೋಟೀನ್ ಕಂಡರೆ ಕತ್ತರಿಸುವುದೇ ಅದರ ಕಸುಬು. ಪಪ್ಪಾಯಿಯ ಪಪೈನ್ ಕೂಡ ಹಾಗೇ. ಎಳೆಗಳೆಲ್ಲ ತುಂಡಾದ ಮೇಲೆ ಬಲೆ ಹೆಣೆಯುವುದು ಎಲ್ಲಿಂದ? ಹಣ್ಣನ್ನು ಮೊದಲೇ ಚೆನ್ನಾಗಿ ಕುದಿಸಿದರೆ ಕಿಣ್ವ ಸಾಯುತ್ತದೆ. ಡಬ್ಬಿಯ ಅನಾನಸ್ ಬಿಸಿ ಕಂಡೇ ಬಂದಿರುವುದರಿಂದ ತೊಂದರೆ ಕೊಡುವುದಿಲ್ಲ.

ಚೈನಾಗ್ರಾಸ್ ಅಂದರೆ ಅಗಾರ್, ಕೆಂಪು ಕಡಲಪಾಚಿಯಿಂದ ತೆಗೆದದ್ದು. ಅದರ ಎಳೆಗಳು ಸಕ್ಕರೆಯ ಕೊಂಡಿಗಳು. ಬ್ರೊಮೆಲೈನ್‌ಗೆ ಅಲ್ಲಿ ಕಚ್ಚಲು ಏನೂ ಸಿಗುವುದಿಲ್ಲ. ಇನ್ನೊಂದು ವಿಶೇಷ ಇದೆ. ಅಗಾರ್ 40 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಆದರೆ ಮತ್ತೆ ಕರಗಬೇಕಾದರೆ 85ರ ಹತ್ತಿರ ಹೋಗಬೇಕು. ಅದಕ್ಕೇ ಮೇ ತಿಂಗಳ ಮುಂಬಯಿಯಲ್ಲೂ ಅದು ತಟ್ಟೆಯಲ್ಲಿ ನಿಲ್ಲುತ್ತದೆ, ಜೆಲಟಿನ್ ನೀರಾಗುತ್ತದೆ. 1880ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ರಾಬರ್ಟ್ ಕಾಖ್ ಅವರ ಲ್ಯಾಬ್‌ಗೂ ಇದೇ ತಲೆನೋವಿತ್ತು. ಬ್ಯಾಕ್ಟೀರಿಯಾ ಬೆಳೆಸುವ ಜೆಲಟಿನ್ ತಟ್ಟೆಗಳು ಶೆಖೆಗೆ ಕರಗುತ್ತಿದ್ದವು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ ಅವರ ಹೆಂಡತಿ ಫ್ಯಾನಿ, ‘ಅಗಾರ್ ಹಾಕಿ ನೋಡಿ’ ಅಂದರು. ಅದು ಅವರ ಅಡುಗೆಮನೆಯಲ್ಲಿದ್ದ ಸಾಮಾನು. ಇವತ್ತಿಗೂ ಜಗತ್ತಿನ ಲ್ಯಾಬ್‌ಗಳಲ್ಲಿ ಅದೇ ನಡೆಯುತ್ತಿದೆ.

ಒಂದು ಕಿವಿಮಾತು. ಹುಳಿ ರಸವನ್ನು ಚೈನಾಗ್ರಾಸ್ ಜೊತೆ ಕುದಿಸಬೇಡಿ, ಎಳೆ ದುರ್ಬಲವಾಗುತ್ತದೆ. ಒಲೆಯಿಂದ ಇಳಿಸಿದ ಮೇಲೆ ಬೆರೆಸಿ. ಮಾರನೇ ದಿನ ಅಂಚಿನಲ್ಲಿ ಸ್ವಲ್ಪ ನೀರು ಬಿಟ್ಟಿದ್ದರೆ ಹೆದರಬೇಡಿ. ಬಲೆ ಬಿಗಿಯಾಗುತ್ತಾ ನೀರನ್ನು ಹಿಂಡುತ್ತದೆ, ಅಷ್ಟೆ. ಲ್ಯಾಬ್‌ನಲ್ಲಿ ಇದಕ್ಕೆ ಸಿನರೆಸಿಸ್ ಅಂತ ದೊಡ್ಡ ಹೆಸರು. ರಾಗಿ ಹಾಲುಬಾಯಿ ತಟ್ಟೆ ನೋಡಿ ನಮ್ಮಮ್ಮ ‘ಬೆವರಿದೆ’ ಅನ್ನುತ್ತಿದ್ದಳು.

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಪಿವಿಎ (ಪಾಲಿವಿನೈಲ್ ಆಲ್ಕೊಹಾಲ್ ಅನ್ನುವ ಕೃತಕ ಪಾಲಿಮರ್) ಮತ್ತು ಸೋಡಿಯಂ ಆಲ್ಜಿನೇಟ್ (ಕಂದು ಕಡಲಪಾಚಿಯದ್ದು) ಬೆರೆಸಿ ಹೈಡ್ರೋಜೆಲ್ ಮಾಡಿದ್ದೇನೆ. ಮೂರು ಸಲ ಫ್ರೀಜರ್‌ನಲ್ಲಿಟ್ಟು ಕರಗಿಸಿ, ಆಮೇಲೆ ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ ಅದ್ದಿದೆ. ಸ್ವೆಲಿಂಗ್ ರೇಶಿಯೊ ಒಂದು ಸಲ 11, ಒಂದು ಸಲ 14, ಮತ್ತೊಂದು ಸಲ 9 ಬರುತ್ತಿದೆ. ಗೈಡ್ ‘ಜೆಲ್ಲೇ ಸರಿಯಿಲ್ಲ, ಮತ್ತೆ ಮಾಡು’ ಅಂತಾರೆ. ಈಗಾಗಲೇ ನಾಲ್ಕು ಬ್ಯಾಚ್ ಆಯಿತು. ನೋಟ್‌ಬುಕ್ ಪುಟದ ಫೋಟೊ ಕಳಿಸಿದ್ದೇನೆ. ದಯವಿಟ್ಟು ನೋಡಿ ಅಕ್ಕ.
— ವಿದ್ಯಾರ್ಥಿನಿ, ಡೊಂಬಿವಲಿ

ಉತ್ತರ: ಐದನೇ ಬ್ಯಾಚ್ ಮಾಡಬೇಡ. (ನನ್ನ ಮಗಳ ವಯಸ್ಸು, ‘ನೀನು’ ಅಂತಲೇ ಬರೆಯುತ್ತೇನೆ.) ನಿನ್ನ ಪುಟವನ್ನು ಟೇಬಲ್ ಮೇಲಿಟ್ಟುಕೊಂಡು ಎರಡು ಸಲ ಲೆಕ್ಕ ಹಾಕಿದೆ. ಜೆಲ್ ಚೆನ್ನಾಗೇ ಇದೆ.

ಸ್ವೆಲಿಂಗ್ ರೇಶಿಯೊ ಅಂದರೆ ಜೆಲ್ ತನ್ನ ಒಣ ತೂಕದ ಎಷ್ಟು ಪಟ್ಟು ನೀರು ಕುಡಿಯಿತು ಅನ್ನುವ ಲೆಕ್ಕ. ಊದಿದ ತೂಕದಿಂದ ಒಣ ತೂಕ ಕಳೆದು, ಬಂದದ್ದನ್ನು ಒಣ ತೂಕದಿಂದ ಭಾಗಿಸಬೇಕು. ಅದು ನಿನಗೂ ಗೊತ್ತು. ಮೊದಲ ಸಾಲಿನಲ್ಲಿ ಒಣ ತೂಕ 0.20 ಗ್ರಾಂ, ಊದಿದ್ದು 2.40. ಅಂದರೆ 11. ಎರಡನೇ ಸಾಲಿನಲ್ಲೂ ಊದಿದ್ದು 2.40ನೇ! ಆದರೆ ಒಣ ತೂಕದ ಜಾಗದಲ್ಲಿ 0.16 ಅಂತ ಇದೆ. ಪಕ್ಕದಲ್ಲಿ ಸಣ್ಣಗೆ ‘ತೊಳೆದ ಮೇಲೆ’ ಅಂತ ಬರೆದಿದ್ದೀಯ. 2.40ರಲ್ಲಿ 0.16 ಹೋದರೆ 2.24, ಅದನ್ನು 0.16ರಿಂದ ಭಾಗಿಸಿದರೆ 14. ಒಂದೇ ಜೆಲ್, ಒಂದೇ ಊತ, ಉತ್ತರ ಮಾತ್ರ ಎರಡು. ನೀನು ಒಮ್ಮೆ ತೊಳೆಯುವ ಮೊದಲಿನ ಒಣ ತೂಕ ಹಿಡಿದೆ, ಇನ್ನೊಮ್ಮೆ ತೊಳೆದ ಮೇಲಿನದ್ದು.

ಮಧ್ಯದ 0.04 ಗ್ರಾಂ ಎಲ್ಲಿ ಹೋಯಿತು? ಬಲೆಗೆ ಸೇರದೆ ಸುಮ್ನೆ ಒಳಗೆ ಕೂತಿದ್ದ ಎಳೆಗಳು ನೀರಿಗೆ ಬಂದವು. ಹೆಚ್ಚಿನ ಪಾಲು ಪಿವಿಎ ಇರಬೇಕು. 0.16ನ್ನು 0.20ರಿಂದ ಭಾಗಿಸಿದರೆ ನೂರಕ್ಕೆ 80, ಅದೇ ನಿನ್ನ ಜೆಲ್ ಫ್ರ್ಯಾಕ್ಷನ್, ಅಂದರೆ ಬಲೆಗೆ ನಿಜವಾಗಿ ಸೇರಿದ ಪಾಲು. ಇದನ್ನು ಮುಚ್ಚಿಡಬೇಡ, ಥೀಸಿಸ್‌ನಲ್ಲಿ ಪ್ರತ್ಯೇಕ ಟೇಬಲ್ ಮಾಡಿ ಹಾಕು. ಸ್ವೆಲಿಂಗ್‌ಗೆ ತೊಳೆದ ಮೇಲಿನ ಒಣ ತೂಕವನ್ನೇ ಹಿಡಿ, ಆದರೆ ಹಾಗೆ ಹಿಡಿದಿದ್ದೀಯ ಅಂತ ಬರೆ.

ಒಂದು ಸೂಕ್ಷ್ಮ ಇದೆ. ಪಿವಿಎ ಜೆಲ್ಲನ್ನು ಒಮ್ಮೆ ಪೂರ್ತಿ ಒಣಗಿಸಿದರೆ ಅದು ಮತ್ತೆ ಮೊದಲಿನಷ್ಟು ಊದುವುದಿಲ್ಲ. ಒಣಗುವಾಗ ಎಳೆಗಳು ಒತ್ತೊತ್ತಾಗಿ ಕೂತು ಹರಳುಗಟ್ಟುತ್ತವೆ. ಆದ್ದರಿಂದ ಒಂದೇ ಹಾಳೆಯಿಂದ ಅಕ್ಕಪಕ್ಕದ ಬಿಲ್ಲೆಗಳನ್ನು ಕತ್ತರಿಸಿಕೋ. ಕೆಲವನ್ನು ಒಣಗಿಸಿ ತೂಗಲು, ಕೆಲವನ್ನು ಊದಿಸಲು. ಒಂದೊಂದಕ್ಕೂ ಕನಿಷ್ಠ ಮೂರು.

ಇನ್ನು 9ರ ಕತೆ. ಅಲ್ಲಿ ಒಣ ತೂಕ 0.20ನೇ, ಊದಿದ ತೂಕ 2.00. ಅಂದರೆ 0.40 ಗ್ರಾಂ ನೀರು ಕಡಿಮೆ, ಹೆಚ್ಚುಕಡಿಮೆ ಎಂಟು ಹನಿ. ಹೊತ್ತು ಕಡಿಮೆಯಾಯಿತೋ, ಒರೆಸಿದ್ದು ಜಾಸ್ತಿಯಾಯಿತೋ ಹೇಳಲಾರೆ, ಯಾಕೆಂದರೆ ಎರಡನ್ನೂ ನೀನು ಬರೆದಿಲ್ಲ. ಟಿಶ್ಯೂ ಪೇಪರ್ ಒತ್ತಿ ಹಿಡಿದರೆ ಅದು ಒಳಗಿನ ನೀರನ್ನೂ ಎಳೆಯುತ್ತದೆ. ನಮ್ಮ ಲ್ಯಾಬ್‌ನಲ್ಲಿ ಒಂದು ಪದ್ಧತಿ ಇತ್ತು. ಒದ್ದೆ ಮಾಡಿ ಹಿಂಡಿದ ಫಿಲ್ಟರ್ ಪೇಪರ್ ಮೇಲೆ ಬಿಲ್ಲೆ ಇಡುವುದು, ಐದು ಎಣಿಸುವುದು, ಮಗುಚುವುದು, ಮತ್ತೆ ಐದು ಎಣಿಸಿ ತಕ್ಕಡಿಗೆ. ಕೈ ಬದಲಾಗಬಾರದು. ರಜೆ ಹಾಕಿದವಳ ಬಿಲ್ಲೆಯನ್ನು ಇನ್ನೊಬ್ಬಳು ತೂಗುವಂತಿರಲಿಲ್ಲ. ಹೊತ್ತಿನ ವಿಷಯಕ್ಕೆ ಗಡಿಯಾರ ನಂಬಬೇಡ. ನಡುವೆ ಮತ್ತೆ ನೆನೆಸಿಟ್ಟು ಎರಡು ಸಲ ತೂಗಿದಾಗ ಒಂದೇ ತೂಕ ಬಂದರೆ ಊತ ನಿಂತಿದೆ ಅಂತ ಅರ್ಥ.

ಮುಂಬಯಿ ಮಳೆಗಾಲದ ಕಾಟ ಬೇರೆ. ಓವನ್‌ನಿಂದ ತೆಗೆದ ಒಣ ಜೆಲ್ ತಕ್ಕಡಿಗೆ ಹೋಗುವಷ್ಟರಲ್ಲಿ ಗಾಳಿಯ ನೀರು ಕುಡಿಯುತ್ತದೆ. ನಿಮ್ಮ ಡೆಸಿಕೇಟರ್ (ತೇವ ತಗಲದಂತೆ ಮುಚ್ಚಿಡುವ ಗಾಜಿನ ಪಾತ್ರೆ) ಒಳಗಿನ ನೀಲಿ ಸಿಲಿಕಾ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದೆಯಾ ನೋಡು. ತಿರುಗಿದ್ದರೆ ಅದು ಡೆಸಿಕೇಟರ್ ಅಲ್ಲ, ಬರೀ ಗಾಜಿನ ಡಬ್ಬಿ.

ಈಗ ನಾನು ಕೇಳಬೇಕಾದ ಪ್ರಶ್ನೆ. ಯಾವ ನೀರಲ್ಲಿ ನೆನೆಸಿದೆ? ಪುಟದ ಯಾವ ಮೂಲೆಯಲ್ಲೂ ಅದಿಲ್ಲ.

ನಮ್ಮಲ್ಲಿ ಒಂದು ಮಳೆಗಾಲ ನಡೆದದ್ದು ಹೇಳುತ್ತೇನೆ. ಡಯಾಪರ್‌ಗೆ ಹಾಕುವ ಸೋಡಿಯಂ ಪಾಲಿಆಕ್ರಿಲೇಟ್ ಪುಡಿ. ಟೀ ಬ್ಯಾಗಿನಂಥ ಚೀಲದಲ್ಲಿ ಹಾಕಿ, ನೀರಲ್ಲಿ ಮುಳುಗಿಸಿ, ತೂಗುಹಾಕಿ ನೀರಿಳಿಸಿ ತೂಗುತ್ತಿದ್ದೆವು. ಒಂದು ಗ್ರಾಂ ಪುಡಿಗೆ 300 ಗ್ರಾಂ ನೀರಿನ ಮೇಲೆ ಬರುತ್ತಿದ್ದದ್ದು ಒಂದು ಸೋಮವಾರ 170 ಬಂತು. ಮತ್ತೆ ತೂಗಿದೆವು, 165. ಶಿಫ್ಟ್‌ನವರು ರಿಯಾಕ್ಟರ್ ಮೇಲೆ ತಪ್ಪು ಹೊರಿಸಿದರು, ರಿಯಾಕ್ಟರ್‌ನವರು ಕಚ್ಚಾ ಮಾಲಿನ ಮೇಲೆ. ಎರಡು ಬ್ಯಾಚ್ ಕಸಕ್ಕೆ ಹೋಯಿತು. ಮೂರನೇ ದಿನ, ಬೇರೇನೋ ಕೆಲಸಕ್ಕೆ ತೆಗೆದ ಕಂಡಕ್ಟಿವಿಟಿ ಮೀಟರನ್ನು (ನೀರಲ್ಲಿ ಎಷ್ಟು ಉಪ್ಪಿದೆ ಅಂತ ತೋರಿಸುವುದು) ನಾನು ಸುಮ್ನೆ ನಮ್ಮ ನೀರಿನ ಕ್ಯಾನ್‌ಗೆ ಅದ್ದಿದೆ. ಮುಳ್ಳು ನಲ್ಲಿ ನೀರಿನ ಹತ್ತಿರ ನಿಂತಿತ್ತು! ಡಿ.ಎಂ. ವಾಟರ್ ಪ್ಲಾಂಟಿನಲ್ಲಿ ನೀರಿನ ಉಪ್ಪು ಹೀರುವ ರೆಸಿನ್ ಸತ್ತು ಎಷ್ಟು ದಿನವಾಗಿತ್ತೋ, ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ, ಆ ರಿಜಿಸ್ಟರ್‌ಗೆ ಸಹಿ ಮಾಡುವವಳು ನಾನೇ ಆಗಿದ್ದೆ.

ಯಾಕೆ ಹೀಗಾಗುತ್ತದೆ? ಆ ಎಳೆಗಳ ಮೇಲೆ ಋಣ ವಿದ್ಯುತ್ತಿನ ಗುಂಪುಗಳಿರುತ್ತವೆ, ಒಂದನ್ನೊಂದು ದೂಡುತ್ತವೆ. ಅವುಗಳ ಜೊತೆಗಾರ ಸೋಡಿಯಂ ಬಲೆಯೊಳಗೇ ಉಳಿಯಬೇಕಾದ್ದರಿಂದ ಹೊರಗಿನ ಶುದ್ಧ ನೀರು ಒಳಗೆ ನುಗ್ಗುತ್ತದೆ. ಹೊರಗೂ ಉಪ್ಪಿದ್ದರೆ ಆ ಸೆಳೆತ ಇಳಿಯುತ್ತದೆ. ಕ್ಯಾಲ್ಸಿಯಂ ಇದ್ದರಂತೂ ಅದು ಎರಡು ಎಳೆಗಳನ್ನು ಹಿಡಿದು ಕಟ್ಟಿಹಾಕುತ್ತದೆ.

ನಿನ್ನ ಆಲ್ಜಿನೇಟ್‌ಗೆ ಬಲೆ ಕಟ್ಟಿದ್ದೇ ಕ್ಯಾಲ್ಸಿಯಂ. ಹಾಗಾಗಿ ಉಲ್ಟಾ ಅಪಾಯ. ಮುಂದಿನ ಅಧ್ಯಾಯದಲ್ಲಿ ಪಿಬಿಎಸ್ ಬಫರ್‌ನಲ್ಲಿ (ಫಾಸ್ಫೇಟ್ ಸೇರಿದ ಉಪ್ಪುನೀರು) ಹಾಕುತ್ತೇನೆ ಅಂದಿದ್ದೀಯ. ಅದರ ಸೋಡಿಯಂ ಕ್ಯಾಲ್ಸಿಯಂನ ಜಾಗಕ್ಕೆ ಬಂದು ಕೂರುತ್ತದೆ, ಫಾಸ್ಫೇಟ್ ಕ್ಯಾಲ್ಸಿಯಂನ್ನು ಹಿಡಿದುಕೊಂಡು ಹೋಗುತ್ತದೆ. ಜೆಲ್ ಮೊದಲು ಜೋರಾಗಿ ಊದುತ್ತದೆ, ಆಮೇಲೆ ಆಲ್ಜಿನೇಟ್ ಕರಗಿ ತೂಕ ಇಳಿಯುತ್ತದೆ. ಏರಿದ ಸಂಖ್ಯೆ ನೋಡಿ ‘ಬಫರ್‌ನಲ್ಲಿ ಸ್ವೆಲಿಂಗ್ ಉತ್ತಮ’ ಅಂತ ಬರೆದೀಯ, ಹುಷಾರ್. ಕೊನೆಗೆ ಒಣಗಿಸಿ ಎಷ್ಟು ಉಳಿಯಿತು ಅಂತ ತೂಗು.

ಎರಡು ಚಿಲ್ಲರೆ ಮಾತು. ಪಿವಿಎ ಗಂಟಾಗುತ್ತದೆ ಅಂದಿದ್ದೀಯ. ಬಿಸಿ ನೀರಿಗೆ ಪುಡಿ ಸುರಿದಿರಬೇಕು. ತಣ್ಣೀರಲ್ಲಿ ಉದುರಿಸಿ ಕದಡಿಕೊಂಡು, ಆಮೇಲೆ 90 ಡಿಗ್ರಿಗೆ ಏರಿಸು. ರಾಗಿ ಗಂಜಿ ಕಾಯಿಸಿದವರಿಗೆ ಇದು ಹೊಸದಲ್ಲ. ಇನ್ನು, ಬಿಲ್ಲೆಯನ್ನು ಕ್ಯಾಲ್ಸಿಯಂ ಕ್ಲೋರೈಡ್‌ಗೆ ಅದ್ದಿದಾಗ ಹೊರಚರ್ಮ ತಕ್ಷಣ ಬಿಗಿಯುತ್ತದೆ, ನಡುಭಾಗಕ್ಕೆ ಕ್ಯಾಲ್ಸಿಯಂ ನಿಧಾನಕ್ಕೆ ತಲುಪುತ್ತದೆ. ಎಲ್ಲ ಬಿಲ್ಲೆಗೂ ಒಂದೇ ದಪ್ಪ, ಒಂದೇ ಹೊತ್ತು ಇರಲಿ. ಗೈಡ್ ‘ಬೇರೆ ದಾರಿ ಇಲ್ವಾ’ ಅಂದರೆ ಟ್ರಾಂಬೆ ತೋರಿಸು. ಅಲ್ಲಿನ ಬಿಎಆರ್‌ಸಿಯವರು (ಭಾಭಾ ಅಣು ಸಂಶೋಧನಾ ಕೇಂದ್ರ) ಪಿವಿಎ ದ್ರಾವಣಕ್ಕೆ ವಿಕಿರಣ ಹಾಯಿಸಿ ಗಾಯಕ್ಕೆ ಹಾಕುವ ಜೆಲ್ ಮಾಡಿದ್ದಾರೆ. ಕ್ರಾಸ್‌ಲಿಂಕ್ ಮಾಡುವ, ಅಂದರೆ ಎಳೆಗಳನ್ನು ಒಂದಕ್ಕೊಂದು ಕಟ್ಟುವ ರಾಸಾಯನಿಕವೇ ಬೇಡ, ಕ್ರಿಮಿಯೂ ಅದರಲ್ಲೇ ಸಾಯುತ್ತದೆ.

ಪ್ರಶ್ನೆ: ಮೊಮ್ಮಗಳು ನೀರಲ್ಲಿ ಹಾಕಿದರೆ ದೊಡ್ಡದಾಗುವ ಬಣ್ಣದ ಮಣಿ ತಂದಿದ್ದಾಳೆ. ಎರಡು ವರ್ಷದ ತಮ್ಮನೂ ಜೊತೆಗೇ ಆಡುತ್ತಾನೆ. ಪರವಾಗಿಲ್ವಾ?
— ಅಜ್ಜಿ, ವಾಸ್ಕೋ

ಉತ್ತರ: ಇವತ್ತೇ ಮನೆಯಿಂದ ಆಚೆ ಹಾಕಿ. ಸಾಸಿವೆಯಷ್ಟು ಇದ್ದದ್ದು ಗೋಲಿಯಷ್ಟಾಗುತ್ತದೆ. ಹೊಟ್ಟೆಯೊಳಗೆ ಹೋದರೂ ಊದುವುದು ಬಿಡುವುದಿಲ್ಲ, ಕರುಳು ಕಟ್ಟಬಹುದು. ಎಕ್ಸ್‌ರೇಯಲ್ಲಿ ಕಾಣದೆಯೂ ಹೋಗಬಹುದು. ಮಗು ನುಂಗಿದೆ ಅಂತ ಅನುಮಾನ ಬಂದರೆ ಕಾಯಬೇಡಿ. ನೇರ ಆಸ್ಪತ್ರೆಗೆ ಹೋಗಿ, ಪ್ಯಾಕೆಟ್ಟನ್ನೂ ತೆಗೆದುಕೊಂಡು ಹೋಗಿ.

ಪ್ರಶ್ನೆ: ಬಾಲ್ಕನಿ ಕುಂಡಗಳಿಗೆ ‘400 ಪಟ್ಟು ನೀರು ಹೀರುತ್ತದೆ’ ಅಂತ ಬರೆದ ಹರಳು ತಂದೆ. ನನಗೇನೋ ಅಷ್ಟು ಹೀರಿದ ಹಾಗೆ ಕಾಣಲಿಲ್ಲ. ಮೋಸವಾ? ಡಯಾಪರ್ ಒಳಗಿನದ್ದೂ ಇದೇ ಅಂತಾರೆ, ಅದನ್ನೇ ಹಾಕಬಹುದಾ?
— ನಿವೃತ್ತ ಬ್ಯಾಂಕ್ ನೌಕರ, ಕೋಥ್ರೂಡ್, ಪುಣೆ

ಉತ್ತರ: ಮೋಸ ಅನ್ನಲಾರೆ, ಅರ್ಧ ಮಾತು ಅನ್ನಬಹುದು. ಆ 400 ಬಟ್ಟಿ ಇಳಿಸಿದ ನೀರಿನದ್ದು. ನಿಮ್ಮ ಕುಂಡಕ್ಕೆ ಆ ನೀರು ಯಾರು ಹಾಕುತ್ತಾರೆ?

ನಿಮ್ಮ ಪತ್ರ ಓದಿ ನಾನೂ ಒಂದು ಪ್ಯಾಕೆಟ್ ತಂದು ಭಾನುವಾರ ಮನೆಯಲ್ಲೇ ನೋಡಿದೆ. ಮೂರು ಪಾತ್ರೆ, ಒಂದೊಂದರಲ್ಲಿ ಮೂರು ಲೀಟರ್ ನೀರು, ಐದೈದು ಗ್ರಾಂ ಹರಳು. ಒಂದರಲ್ಲಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಒಂದರಲ್ಲಿ ನಲ್ಲಿ ನೀರು, ಮೂರನೆಯದರಲ್ಲಿ ಲೀಟರಿಗೆ 9 ಗ್ರಾಂ ಉಪ್ಪು. ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಹಳೇ ಪಂಚೆಯಲ್ಲಿ ಸೋಸಿ, ಹನಿ ನಿಲ್ಲುವವರೆಗೆ ತೂಗುಹಾಕಿದೆ. ಒದ್ದೆ ಬಟ್ಟೆಯ ತೂಕ ಕಳೆದ ಮೇಲೆ ಸಿಕ್ಕಿದ್ದು: 1,300 ಗ್ರಾಂ, 800 ಗ್ರಾಂ, 200 ಗ್ರಾಂ. ಅಂದರೆ ಸುಮಾರು 260 ಪಟ್ಟು, 160 ಪಟ್ಟು, 40 ಪಟ್ಟು. ಒಂದೇ ಪ್ಯಾಕೆಟ್ಟಿನ ಹರಳು, ಒಂದೇ ಪಂಚೆ. ನಿಮ್ಮದು ಬೋರ್‌ವೆಲ್ ನೀರಾದರೆ ನನ್ನ ನಲ್ಲಿ ನೀರಿಗಿಂತಲೂ ಕೆಳಗಿಳಿಯಬಹುದು. ಗೊಬ್ಬರವೂ ಉಪ್ಪೇ ತಾನೆ? ಗೊಬ್ಬರದ ನೀರಲ್ಲಿ ಹರಳನ್ನು ನೆನೆಸಬೇಡಿ.

ಹತ್ತು ಲೀಟರ್ ಮಣ್ಣಿಗೆ 10ರಿಂದ 20 ಗ್ರಾಂ ಸಾಕು, ಬೇರಿನ ಮಟ್ಟದಲ್ಲಿ ಬೆರೆಸಿ. ಜಾಸ್ತಿ ಹಾಕಿದರೆ ಮೊದಲ ಮಳೆಗೆ ಮಣ್ಣು ಕುಂಡದಿಂದ ಎದ್ದು ನಿಲ್ಲುತ್ತದೆ. ನನ್ನ ದಾಸವಾಳದ ಗಿಡವೇ ಹಾಗೆ ಒಂದು ಸಲ ಪಕ್ಕಕ್ಕೆ ಮಲಗಿತ್ತು. ಡಯಾಪರ್‌ನದ್ದು ಬೇಡ. ಅದು ಸೋಡಿಯಂ ಉಪ್ಪು, ಮಣ್ಣಿಗೆ ಒಳ್ಳೆಯದಲ್ಲ. ಗಿಡಕ್ಕೆ ಪೊಟ್ಯಾಶಿಯಂನದ್ದು ಸಿಗುತ್ತದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಹೈಡ್ರೋಜೆಲ್ ಕೂಡ ಇದೆ, ಅದರ ಬೆನ್ನೆಲುಬು ಸೆಲ್ಯುಲೋಸ್. ಅಂದಹಾಗೆ ಈ ನೀರುಬಾಕ ಪುಡಿ ಹುಟ್ಟಿದ್ದೇ ಹೊಲದವರ ಕಡೆಯಿಂದ. ಅಮೆರಿಕದ ಪಿಯೋರಿಯಾದಲ್ಲಿ ಕೃಷಿ ಇಲಾಖೆಯ ಲ್ಯಾಬ್‌ನವರು ಮೆಕ್ಕೆಜೋಳದ ಪಿಷ್ಟಕ್ಕೆ ಕೃತಕ ಪಾಲಿಮರ್ ಕಸಿ ಮಾಡಿ ತೆಗೆದರು. ಡಯಾಪರ್ ಕಂಪನಿಗಳು ಹಿಂದಿನಿಂದ ಬಂದವು.

ಪ್ರಶ್ನೆ: ಮೃದು ಕಾಂಟ್ಯಾಕ್ಟ್ ಲೆನ್ಸ್ ಕೂಡ ಹೈಡ್ರೋಜೆಲ್ ಅಂತೆ, ನಿಜವಾ? ಮಗಳು ಹಾಸ್ಟೆಲ್‌ನಲ್ಲಿ ಅದನ್ನು ನಲ್ಲಿ ನೀರಲ್ಲಿ ತೊಳೆಯುತ್ತಾಳೆ.
— ತಾಯಿ, ಮಾಟುಂಗಾ

ಉತ್ತರ: ನಿಜ, ಮತ್ತು ಇವತ್ತೇ ಫೋನ್ ಮಾಡಿ ಬಿಡಿಸಿ. ಲೆನ್ಸ್ ಮಾಡಿರುವುದು ಉಪ್ಪುನೀರಿನ ಅಳತೆಗೆ. ಬರೀ ನೀರಲ್ಲಿ ಅದು ಊದಿ ಆಕಾರ ಕೆಡಬಹುದು, ಕಣ್ಣಿಗೆ ಅಂಟಿಕೊಳ್ಳಬಹುದು. ಅದಕ್ಕಿಂತ ಕೆಟ್ಟದ್ದು, ನಲ್ಲಿ ನೀರಿನಲ್ಲಿ ಅಕಾಂತಮೀಬಾ ಅನ್ನುವ ಜೀವಿ ಇರಬಹುದು. ಅದು ಕಣ್ಣಿನ ಪಾರದರ್ಶಕ ಪೊರೆಯನ್ನೇ ಹಾಳುಮಾಡುತ್ತದೆ. ವೈದ್ಯರು ಹೇಳಿದ ದ್ರಾವಣ ಬಿಟ್ಟು ಬೇರೇನೂ ಬೇಡ.

ಈ ಲೆನ್ಸಿನ ಹಿಂದೆ ಒಂದು ಅಡುಗೆಮನೆ ಇದೆ. ಚೆಕೊಸ್ಲೊವಾಕಿಯಾದ ಓಟೊ ವಿಕ್ಟರ್ಲೆ ಮತ್ತು ಡ್ರಾಹೊಸ್ಲಾವ್ ಲಿಮ್ ಈ ಮೃದು ಜೆಲ್ ಬಗ್ಗೆ 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಲೆನ್ಸಿಗೆ ನಯವಾದ ಅಂಚು ಮಾತ್ರ ಬರುತ್ತಿರಲಿಲ್ಲ. 1961ರ ಕ್ರಿಸ್‌ಮಸ್ ಹೊತ್ತಿಗೆ ವಿಕ್ಟರ್ಲೆ ಮನೆಯಲ್ಲಿ ಮಕ್ಕಳ ಆಟದ ಮೆಕ್ಯಾನಿಕ್ ಸೆಟ್ ಜೋಡಿಸಿ, ಸೈಕಲ್ ಡೈನಮೊ ಕಟ್ಟಿ, ತಿರುಗುವ ಅಚ್ಚಿನಲ್ಲಿ ದ್ರವ ಹುಯ್ದರು. ಸುತ್ತುವಾಗ ಅದು ತಾನಾಗೇ ಲೆನ್ಸಿನ ಆಕಾರ ತಾಳಿ ಗಟ್ಟಿಯಾಯಿತು.

ಪ್ರಶ್ನೆ: ನಮ್ಮ ಹೋಟೆಲಲ್ಲಿ ದಿನಕ್ಕೆ ಏಳೆಂಟು ಕಿಲೊ ಸಿಗಡಿ ಸಿಪ್ಪೆ ಬೀಳುತ್ತದೆ. ಅದರಿಂದ ಕೈಟೋಸಾನ್ ಮಾಡಿ ಜೆಲ್ ಮಾಡಬಹುದು ಅಂತ ಓದಿದೆ. ಹಿತ್ತಲಲ್ಲಿ ಒಲೆ ಹೂಡಿ ಮಾಡಬಹುದಾ?
— ಹೋಟೆಲಿನವರು, ಮಡಗಾಂವ್

ಉತ್ತರ: ಆಸೆ ಒಳ್ಳೆಯದು, ಆದರೆ ಹಿತ್ತಲಲ್ಲಿ ಬೇಡ. ಸಿಪ್ಪೆಯಲ್ಲಿರುವ ಸುಣ್ಣವನ್ನು ಆಸಿಡ್‌ನಲ್ಲಿ ತೆಗೆಯಬೇಕು, ಪ್ರೋಟೀನನ್ನು ಕ್ಷಾರದಲ್ಲಿ. ಉಳಿಯುವುದು ಕೈಟಿನ್. ಅದನ್ನು ಕೈಟೋಸಾನ್ ಮಾಡಲು ನೂರಕ್ಕೆ 40–50ರಷ್ಟು ಗಟ್ಟಿ ಕಾಸ್ಟಿಕ್ ಸೋಡಾದಲ್ಲಿ, ಕುದಿಯುವ ನೀರಿನಷ್ಟು ಬಿಸಿಯಲ್ಲಿ, ಗಂಟೆಗಟ್ಟಲೆ ಬೇಯಿಸಬೇಕು. ಅದರ ಒಂದು ಹನಿ ನನ್ನ ಎಡ ಮಣಿಕಟ್ಟಿನ ಮೇಲೆ ಬಿದ್ದು ಹತ್ತೊಂಬತ್ತು ವರ್ಷವಾಯಿತು. ಕಲೆ ಇನ್ನೂ ಇದೆ. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ. ಅಡುಗೆ ಹುಡುಗರು ಓಡಾಡುವ ಜಾಗದಲ್ಲಿ ಅಂಥದ್ದು ಇರಬಾರದು. ಉಳಿದ ಕ್ಷಾರದ ನೀರನ್ನು ಎಲ್ಲಿ ಚೆಲ್ಲುತ್ತೀರಿ, ಅದೂ ಒಂದು ಪ್ರಶ್ನೆ.

ನೋಡುವ ಕುತೂಹಲ ಇದ್ದರೆ ತಯಾರಾದ ಕೈಟೋಸಾನ್ ಪುಡಿ ಸ್ವಲ್ಪ ತರಿಸಿ. ಬರೀ ನೀರಲ್ಲಿ ಅದು ಜಪ್ಪಯ್ಯ ಅಂದರೂ ಕರಗುವುದಿಲ್ಲ. ಒಂದು ಪಾಲು ವಿನಿಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ, ಅಂಥ 100 ಮಿ.ಲೀ.ಗೆ 2 ಗ್ರಾಂ ಹಾಕಿ ಕದಡುತ್ತಾ ಇರಿ. ಸಂಜೆಯೊಳಗೆ ಜೇನಿನಂಥ ಮಂದ ದ್ರಾವಣವಾಗುತ್ತದೆ. ಸಿರಿಂಜಿನಲ್ಲಿ ತೆಗೆದು, ವಾಷಿಂಗ್ ಸೋಡಾ ಕರಗಿಸಿದ ನೀರಿಗೆ ಹನಿ ಹನಿ ಬಿಡಿ. ಪ್ರತಿ ಹನಿಯೂ ಬಿಳಿ ಮಣಿಯಾಗುತ್ತದೆ. ಆಸಿಡ್‌ನಲ್ಲಿ ಎಳೆಗಳು ಒಂದನ್ನೊಂದು ದೂಡುತ್ತಾ ಬಿಡಿಬಿಡಿಯಾಗಿದ್ದವು, ಸೋಡಾ ತಗುಲಿದ್ದೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಣಿಗಳನ್ನು ತೊಳೆದು ಮತ್ತೆ ವಿನಿಗರ್ ನೀರಿಗೆ ಹಾಕಿ ನೋಡಿ, ಊದಿ ಊದಿ ಮಾಯವಾಗುತ್ತವೆ. ಮಾಯವಾಗದ ಹಾಗೆ ಗಟ್ಟಿ ಕಟ್ಟಲು ಲ್ಯಾಬ್‌ನಲ್ಲಿ ಗ್ಲೂಟರಾಲ್ಡಿಹೈಡ್ ಹಾಕುತ್ತಾರೆ. ಅದು ವಿಷ, ಮೂಗಿಗೂ ಕಣ್ಣಿಗೂ ಕಾಟ. ಗಾರ್ಡೇನಿಯಾ ಹಣ್ಣಿನಿಂದ ತೆಗೆದ ಜೆನಿಪಿನ್ ಕೂಡ ಆ ಕೆಲಸ ಮಾಡುತ್ತದೆ. ಅದು ಹಾಕಿದರೆ ಜೆಲ್ ನೀಲಿಯಾಗುತ್ತದೆ, ಬಲು ಚೆಂದ. ಬೆಲೆ ಕೇಳಿದರೆ ಮಾತ್ರ ನೀವು ಸಿಗಡಿ ಮಾರುವುದೇ ಲಾಭ ಅಂತೀರಿ.

ಸಿಪ್ಪೆಯನ್ನು ಸದ್ಯಕ್ಕೆ ಆಳವಾಗಿ ಗುಂಡಿ ತೋಡಿ ತೆಂಗಿನ ಬುಡಕ್ಕೆ ಹಾಕಿ. ಮೇಲೆ ಮಣ್ಣು ಚೆನ್ನಾಗಿ ಮುಚ್ಚಿ, ಇಲ್ಲದಿದ್ದರೆ ಊರ ಬೆಕ್ಕೆಲ್ಲ ನಿಮ್ಮ ಹಿತ್ತಲಲ್ಲೇ ಇರುತ್ತವೆ.